ಮಾಮಾ ಅಂದರೆ ಅಪ್ಪ

ನಮ್ಮ ಜಾರ್ಜಿಯನ್ ಮಾತಿನಲ್ಲಿ
ಮಾಮಾ ಅಂದರೆ ಅಪ್ಪ,
ದೇದಾ ಅಂದರೆ ಅಮ್ಮ.
ಲೋಕಕ್ಕೆ ಇದು ತಿರುಗುಮುರುಗು, ನಮಗಲ್ಲ.
ಬಾತುಮಿಯಲ್ಲಿ ಹಡಗು ಹತ್ತುವ ತನಕ
ಇದೂ ಒಂದು ತೊಡಕೆಂದು ನನಗೆ ಹೊಳೆದಿರಲಿಲ್ಲ.

ಹಡಗಿನ ಹೊಟ್ಟೆ ತುಂಬ ಲಾರಿ,
ಮೇಲೆಲ್ಲ ಲಾರಿಯವರು, ಸಿಗರೇಟು, ಇಸ್ಪೀಟು.
ಹೆಂಗಸರೆಂದರೆ ಮೂವರು:
ಅಡುಗೆಯ ಒಕ್ಸಾನಾ, ನಾನು,
ಮೊಮ್ಮಗಳ ಮದುವೆ ಮುಗಿಸಿ ಬುರ್ಗಾಸಿಗೆ ಮರಳುವ
ಬಲ್ಗೇರಿಯಾದ ಅಜ್ಜಿ ಸ್ತೋಯಾಂಕಾ.
ಮಗು, ಬಾಚೋ ಒಬ್ಬನೇ. ಎರಡು ತುಂಬಲು ಇನ್ನೆರಡು ತಿಂಗಳು.
ಗಡ್ಡ ಕಂಡಲ್ಲೆಲ್ಲ ಓಡುವನು,
ಮಾಮಾ? ಎಂದು ಕೇಳುವನು,
ಗಡ್ಡ ನಕ್ಕು ಸಕ್ಕರೆಯ ತುಂಡು ಕೊಟ್ಟರೆ
ಸಕ್ಕರೆ ಇಸಕೊಂಡು ಅಳುವನು.

ಅತ್ತಾಗಲೆಲ್ಲ ಒಕ್ಸಾನಾ ಸೌಟು ಬಿಟ್ಟು ಬಂದು
ಎತ್ತಿ ನನ್ನ ಮಡಿಲಿಗೆ ಹಾಕುವಳು:
ಇಗೋ ನಿನ್ನ ಮಾಮಾ, ಇಲ್ಲೇ ಇದ್ದಾಳಲ್ಲ!
ಅಜ್ಜಿಯೂ ನನ್ನತ್ತಲೇ ಬೆರಳು ಮಾಡಿ
ಹೌದೋ ಅಲ್ಲವೋ ಎನ್ನುವಳು.
ಅಲ್ಲವೆಂದು ಅವನು ಅಡ್ಡಡ್ಡ ತಲೆಯಾಡಿಸಿದರೆ
ಅವಳಿಗೆ ಬಲು ಖುಷಿ.
ಅವರ ಕಡೆ ಹಾಗಾಡಿಸಿದರೆ ಹೌದಂತೆ.

ಎರಡು ರಾತ್ರಿ ಕಪ್ಪು ಸಮುದ್ರ
ನನ್ನ ಬೆನ್ನ ಕೆಳಗೆ ಹೊರಳಿತು.
ಕಿರುಮಂಚದಲ್ಲಿ ಮಗು ಅಡ್ಡ ಮಲಗಿ
ನನಗುಳಿದದ್ದು ಗೇಣು ಜಾಗ.
ಹದಿನಾಲ್ಕು ತಿಂಗಳು ಇಡೀ ಹಾಸಿಗೆಯಿತ್ತು,
ಅದರಲ್ಲಿ ಬಾರದ ನಿದ್ದೆ
ಈ ಗೇಣಿನಲ್ಲಿ ಬಂತು.
ಕನಸಿನಲ್ಲಿ ಮಾಲ್ಖಾಜ್ ಏನೋ ಹುಡುಕುತ್ತಿದ್ದ,
ಸುತ್ತಿಗೆಯಿರಬೇಕು, ನನ್ನನ್ನಂತೂ ಅಲ್ಲ.

ಬುರ್ಗಾಸಿನ ಸುಂಕದ ಮೇಜಿನ ಮೇಲೆ
ಅತ್ತೆ ಕಟ್ಟಿಕೊಟ್ಟ ಪ್ಲಮ್ಮಿನ ಹುಳಿ ಸೋರಿ
ಅವನಿಗೆಂದು ಹೆಣೆದ ಬಿಳಿ ಸ್ವೆಟರು
ಕೊಲೆಯಾದ ಹಾಗಿತ್ತು.
ಅಧಿಕಾರಿ ಬೆರಳದ್ದಿ, ಮೂಸಿ, ನೆಕ್ಕಿ,
ಹೋಗಮ್ಮ ಎಂದು ಕೈ ಬೀಸಿದ.

ಬೇಲಿಯಾಚೆ ಇದ್ದ.
ಯಾರದೋ ಜಾಕೆಟ್ಟು, ಭುಜ ಅವನದಲ್ಲ.
ಮೂವತ್ತೈದಕ್ಕೇ ಗಡ್ಡಕ್ಕೆ ಬೂದಿ ಮೆತ್ತಿತ್ತು.
ಇಷ್ಟು ದಿನ ಕೂಡಿಟ್ಟ ಮಾತಿನೊಳಗಿಂದ
ನನ್ನ ಬಾಯಿಗೆ ಬಂದದ್ದು:
ಚೀಲ ಹಿಡಕೋ, ಕೈ ಸತ್ತುಹೋಗಿದೆ.
ಹಿಡಿದುಕೊಂಡ. ಅವನಿಗೆರಡು ಚೀಲ,
ನನಗೆ ಮಡಚುಗಾಡಿ, ಮಗುವಿನ ಕೈ.
ತಬ್ಬಲು ಇಬ್ಬರಿಗೂ ಕೈಯಿಲ್ಲ.
ಹಣೆಗೆ ಹಣೆ ತಾಗಿಸಿ ನಿಂತೆವು, ಎತ್ತುಗಳ ಹಾಗೆ.

ಬಾಚೋಗೆ ಈಗ ಗಡ್ಡ ಬೇಡ.
ನನ್ನ ಲಂಗದೊಳಗೆ ಮುಖ ಹುಗಿದು
ದೇದಾ, ದೇದಾ ಎಂದು ಕೂಗಿದ.
ಹಿಂದೆ ಬರುತ್ತಿದ್ದ ಸ್ತೋಯಾಂಕಾ ನಿಂತಳು.
ಅವರ ಕಿವಿಗೆ ಆ ಸದ್ದು ತಾತ ಎಂದಂತೆ.
ಮಾಲ್ಖಾಜನ ತೋಳು ತಟ್ಟಿ ಏನೋ ಅಂದಳು.
ಅವನು ಮುಖ ಕೆಂಪಗೆ ಮಾಡಿಕೊಂಡು ನನಗೆ ತಿಳಿಸಿದ:
'ಮೊಮ್ಮಗ ಗುರುತು ಹಿಡಿದ, ಪುಣ್ಯವಂತ ನೀನು' ಅಂತಿದಾಳೆ.
ನಾನು ನಕ್ಕೆ. ನಿಲ್ಲಲಾರದೆ
ಅಲ್ಲೇ ಚೀಲದ ಮೇಲೆ ಕೂತೆ.

ಮಗುವನ್ನು ಎತ್ತಲು ಹೋಗಲಿಲ್ಲ ಅವನು, ಜಾಣ.
ನೆಲಕ್ಕೆ ಕೂತು
ಅಂಗೈ ಬಿಚ್ಚಿ ಮೊಣಕಾಲ ಮೇಲಿಟ್ಟ,
ಹಕ್ಕಿಗೆ ಕಾಳಿಡುವವರ ಹಾಗೆ, ಕಾಳಿಲ್ಲದೆ.
ಉಪ್ಪಿನ ಗದ್ದೆಯಲ್ಲಿ ದುಡಿದ ಕೈ,
ಬಿರುಕು ಬಿರುಕಿನಲ್ಲೂ ಬಿಳಿಗೆರೆ.
ಬಾಚೋ ನೋಡಿದ. ಬಳಿಗೆ ಬಂದ.
ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಚಾಳಿ,
ಹೆಬ್ಬೆರಳು ಹಿಡಿದು ನೆಕ್ಕಿದ.
ಮುಖ ಕಿವುಚಿ ಮತ್ತೆ ನೆಕ್ಕಿದ.
ಆಮೇಲೆ, ಅಂಗಡಿಯವನನ್ನು ಕೇಳುವಂತೆ,
ನೀರು, ಅಂದ.

ಅಪ್ಪ ಎದ್ದು ಓಡಿದ.

ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ:
ಚೆನ್ನಾಗಿದ್ದೀಯಾ ಇಲ್ಲಿ?
ಕಿಟಕಿಯಾಚೆ ನೋಡುತ್ತ
ಅಡ್ಡಡ್ಡ ತಲೆಯಾಡಿಸಿದ.
ಯಾವ ದೇಶದ ತಲೆ ಅದು ಎಂದು ಕೇಳಲಿಲ್ಲ.
ಬಾಟಲಿಯ ಮುಚ್ಚಳ ಕಳೆದುಹೋಗಿತ್ತು,
ತಿರುವಿಗೊಮ್ಮೆ ನೀರು ತುಳುಕುತ್ತಿತ್ತು,
ಮೂವರ ಮೇಲೂ.