ತುಕ್ಕು ಹಿಡಿದೀತು

ಯಂತ್ರಕ್ಕೂ ಒಂದಿಷ್ಟು ನಂಬಿಕೆ ಇರುತ್ತದಂತೆ.
ಅಂಬೋನ್ ಗೋಪುರದ ವೆಲೆಮ್ ಸಾಹೆಟಪಿ ಹೇಳಿದ್ದು:
ವಿಮಾನ ಉತ್ತರ ಕೊಡದಿದ್ದರೂ
ರೇಡಾರು ಕೂಡಲೇ ಒಪ್ಪುವುದಿಲ್ಲ.
ಹೋಗುತ್ತಿದ್ದ ದಿಕ್ಕು, ಹೋಗುತ್ತಿದ್ದ ವೇಗ
ಲೆಕ್ಕ ಹಾಕಿ
ಚುಕ್ಕಿಯನ್ನು ತಾನೇ ಇಷ್ಟಿಷ್ಟು ಮುಂದೆ ನಡೆಸುತ್ತದೆ,
ಸೈಕಲ್ ಕಲಿಯುವ ಮಗಳ ಹಿಂದೆ
ಕೈಬಿಟ್ಟ ಮೇಲೂ ಓಡುವ ಅಪ್ಪನಂತೆ.
ಒಂದು ಸುತ್ತು. ಎರಡು. ಮೂರು.
ಆಮೇಲೆ ಪರದೆಯಲ್ಲಿ
ಬಂಡಾ ಸಮುದ್ರ, ಬರೀ ಬಂಡಾ ಸಮುದ್ರ.

ಸಂಖ್ಯೆ ಹಿಡಿದು ಕರೆದನಂತೆ. ಮತ್ತೆ ಕರೆದನಂತೆ.
ಆ ದಾರಿಯ ಸರಕು ವಿಮಾನದವನಿಂದ ಕರೆಸಿದನಂತೆ.
ಕೊನೆಗೆ ಸಂಖ್ಯೆಯನ್ನೂ ಬಿಟ್ಟು
ಊಟಕ್ಕೆ ಕರೆಯುವ ದನಿಯಲ್ಲಿ
'ಎಲ್ಲಿದ್ದೀರಿ?'
ಹಾಗೆ ಕೇಳುವಂತಿಲ್ಲ, ನಿಯಮವಿದೆ.
ಕೇಳಿದ್ದು ಟೇಪಿನಲ್ಲಿ ಉಳಿದಿದೆ.

ಇತ್ತ ಲಾಂಗ್ಗುರಿನ ಪುಟ್ಟ ನಿಲ್ದಾಣದಲ್ಲಿ
ಬರುವ ವಿಮಾನಗಳ ಹಲಗೆ 'ತಡ' ಎಂದಿತು.
ಸಂಜೆಯವರೆಗೂ ತಡ.
ಕರಿದ ಬಾಳೆಹಣ್ಣು ಮಾರುವವಳು
ಬುಟ್ಟಿ ಖಾಲಿ ಮಾಡಿಕೊಂಡು ಹೋದಳು; ಆಗಲೂ ತಡ.
ತಡಕ್ಕಿಂತ ಮುಂದಿನ ಮಾತು
ಆ ಹಲಗೆಗೆ ಯಾರೂ ಕಲಿಸಿರಲಿಲ್ಲ.
ಕತ್ತಲಾದ ಮೇಲೆ ಮ್ಯಾನೇಜರು
ಸ್ಟೂಲು ಹತ್ತಿ ಪ್ಲಗ್ಗು ಕಿತ್ತ.

ನಾಲ್ಕನೆಯ ದಿನದ ವಿಮಾನದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂತು.
ತೂಕ ಹೆಚ್ಚಾಯಿತೆಂದು ಅಂದು ಅಂಬೋನಿನಲ್ಲೇ ಇಳಿಸಿದ್ದು:
ಹೊಲಿಗೆ ಯಂತ್ರ, ಸೆಕೆಂಡ್ ಹ್ಯಾಂಡು,
ನೀಲಿ ಪ್ಲಾಸ್ಟಿಕ್ ಹಗ್ಗ ನಾಲ್ಕು ಸುತ್ತು,
ಮೇಲೆ ಮಾರ್ಕರಿನಲ್ಲಿ ದಪ್ಪಗೆ
'ಎಫ್ರೋಸಿನಾ ಒಹೊಯಿವುತುನ್. ಮಗುಚಬೇಡಿ.'
ಹನ್ನೊಂದು ಕೆಜಿ.
ಅಷ್ಟು ಹಗುರಾಗಿ, ಐವತ್ತೆರಡು ಜನರೊಡನೆ
ಹೊರಟಿತ್ತು ಅದು.

ತಮ್ಮ ತೀತುಸ್ ಬಂದ, ಬಾಡಿಗೆ ಬೈಕು ಓಡಿಸುವವನು,
ಹೆಲ್ಮೆಟ್ ತೆಗೆಯದೆ ನಿಂತ.
ಲಗೇಜು ಕೊಡುವ ಮಾರ್ಸೆಲಿನಾ ಬಾಯಿತಪ್ಪಿ
ದಿನವೂ ಕೇಳುವುದನ್ನೇ ಕೇಳಿಬಿಟ್ಟಳು: 'ಚೀಟಿ?'
ಚೀಟಿಯ ಇನ್ನರ್ಧ ಅಕ್ಕನ ಹತ್ತಿರ ಇತ್ತು.

ಚೀಟಿ ಬೇಡ, ಸಹಿ ಸಾಕು ಅಂದಳು.
ರಿಜಿಸ್ಟರು ತಿರುಗಿಸಿ ಪೆನ್ನಿಟ್ಟಳು.
'ಪಡೆದುಕೊಂಡವರು' ಅನ್ನುವ ಕಾಲಮ್ಮನ್ನು
ಅವನು ಓದಿದ, ಓದುತ್ತಲೇ ಇದ್ದ.
ನಾನು ಪಡೆದುಕೊಂಡರೆ ಅವಳು ಬಂದು
ಏನು ಪಡೆದುಕೊಳ್ಳಬೇಕು? ಅಂದ.
ಪೆನ್ನಿನ ಟೊಪ್ಪಿ ಹಾಕಿ, ಅಲ್ಲೇ ಇಟ್ಟು, ಹೋದ.

ಅವನ ಊರಿನವರು ದಡದಲ್ಲಿ ಕೋಲು ನೆಟ್ಟು
ಎಳೆಯ ತೆಂಗಿನ ಗರಿ ಕಟ್ಟಿದರು.
ಗರಿ ಕಟ್ಟಿದ ನೀರಿಗೆ ಬಲೆ ಬೀಸುವಂತಿಲ್ಲ, ಹಿಂದಿನಿಂದ ಬಂದ ಕಟ್ಟು;
ಮೀನು ಬೆಳೆಯಲಿ ಎಂದು ಕಟ್ಟುವುದು.
ಈ ಸಲ ಯಾಕೆಂದು ಯಾರೂ ಹೇಳಲಿಲ್ಲ.
ಗರಿ ಒಣಗಿ ಕಂದಾಯಿತು.
ಬಿಚ್ಚುವ ದಿನ ಯಾವುದೆಂದು ಹಿರಿಯರಿಗೂ ತೋಚಲಿಲ್ಲ.

ನಾನು ಹಡಗಿನಲ್ಲಿ ಅಲ್ಲಿಗೆ ಹೋದಾಗ ಐದು ತಿಂಗಳಾಗಿತ್ತು.
ಮಾರ್ಸೆಲಿನಾಳ ಕುರ್ಚಿಯ ಹಿಂದೆ ಪೆಟ್ಟಿಗೆ,
ಒಂದು ಮೂಲೆ ಬ್ಲೇಡಿನಿಂದ ಸೀಳಿ ಕಿಟಕಿ ಮಾಡಿದ್ದಾಳೆ.
ಶನಿವಾರ ಕೊನೆಯ ವಿಮಾನ ಹೋದ ಮೇಲೆ
ಅದರೊಳಗೆ ಕೈ ತೂರಿಸಿ ಎಣ್ಣೆ ಬಿಡುತ್ತಾಳೆ,
ಚಕ್ರವನ್ನು ಅರ್ಧ ಸುತ್ತು ತಿರುಗಿಸುತ್ತಾಳೆ.
ತಪ್ಪೇ ಅನ್ನಿ, ಆದರೆ ಇಲ್ಲಿ ಉಪ್ಪುಗಾಳಿ, ಅಂದಳು.
ಮುಂದಿನ ಮಾತು ದುಭಾಷಿಯ ಬಾಯಿ ದಾಟಿ
ನನ್ನೊಳಗೆ ಕನ್ನಡವಾಗುವಾಗ
'ತುಕ್ಕು ಹಿಡಿದೀತು' ಎಂದಾಯಿತು.

ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು:
ಬಂದಾನು, ಬಂದಾಳು, ಬಂದೀತು, ಬಂದಾರು.
ಸಂಭಾವನಾರ್ಥಕ, ಎರಡು ಅಂಕದ ಪ್ರಶ್ನೆ.
ಆಸೆಗೂ ಅದೇ ರೂಪ, ಅಂಜಿಕೆಗೂ ಅದೇ
ಎಂದು ಮೇಷ್ಟ್ರು ಹೇಳಿರಲಿಲ್ಲ.

ಎಣ್ಣೆಗೈ ಒರೆಸಿಕೊಂಡು ಅವಳು ಕೇಳಿದಳು,
ನಿಮಗೆ ಹೊಲಿಗೆ ಬರುತ್ತಾ?
ಸೂಜಿಯಲ್ಲಿ ದಾರ ಇದೆ, ಬಿಳಿಯದು, ಗೇಣುದ್ದ.
ಅಂಗಡಿಯಲ್ಲಿ ಓಡುತ್ತದೋ ಇಲ್ಲವೋ ನೋಡಲು
ಎಫ್ರೋಸಿನಾಳೇ ಪೋಣಿಸಿರಬೇಕು.
ಅದೊಂದನ್ನು ನಾನು ಮುಟ್ಟಿಲ್ಲ.