ಕಾಲು ಕಿಲೋಗೆ ಒಂದು ಕಿಟಕಿ

ಕಾಜುಬಾಗದ ನನ್ನ ಅಂಗಡಿಯಲ್ಲಿ
ಮದುವೆ ಕಾಗದ, ಬಿಲ್ ಬುಕ್ಕು,
ತೀರಿಕೊಂಡವರ ಫೋಟೊಕ್ಕೆ ಕೋಟು ತೊಡಿಸುವ ಕೆಲಸ.
ಇಷ್ಟೇ ಬಲ್ಲವನ ಮೇಜಿನ ಮೇಲೆ
ಮಾಜಾಳಿಯ ಬುದವಂತಿ ಹರಿಕಂತ್ರ
ಒಂದು ಒಣ ಬಂಗಡೆ ಇಟ್ಟು ಹೇಳಿದಳು:
"ಇದಕ್ಕೊಂದು ಅಂಗಿ ಹೊಲಿ, ತಮಾ."

ಮೊದಲ ದಿನ ನೀಲಿ ಬಳಿದೆ.
ಎರಡು ತೆಂಗಿನ ಮರ, ದೇವಗಡದ ದೀಪಸ್ತಂಭ,
ಹಾಯಿ ಬಿಚ್ಚಿದ ದೋಣಿ, ಮೂಲೆಯಲ್ಲಿ ಸೂರ್ಯ.
ಕನ್ನಡಕ ಏರಿಸಿ ನೋಡಿದಳು, ಇಳಿಸಿ ನೋಡಿದಳು.
"ಮೀನು ಎಲ್ಲುಂಟು? ಲಾಡ್ಜಿನ ಬೋರ್ಡು ಕಂಡ ಹಾಂಗುಂಟು."

ಎರಡನೇ ದಿನ, ಒಳಗಿನದು ಕಾಣಲಿ ಎಂದು
ಮೀನಿನ ಆಕಾರದ ಕಿಟಕಿ ಕತ್ತರಿಸಿದೆ.
ತಲೆಯ ಜಾಗದಲ್ಲಿ ಬಾಲ ಬಂತು,
ಕಣ್ಣಿನ ಜಾಗದಲ್ಲಿ ಉಪ್ಪು.
"ಮೀನಿಗೇ ಮೀನಿನ ವೇಷ ಎಂತಕೆ?"

ಆದಿತ್ಯವಾರದ ಸಂತೆಗೆ ಕರಕೊಂಡು ಹೋದಳು.
"ಎಂತದೂ ಬರೀಬೇಡ. ಜನರ ಕೈ ನೋಡು."
ನೋಡಿದೆ:
ಒಬ್ಬ ಶೆಟ್ಲಿಯನ್ನು ಅಂಗೈಯಲ್ಲಿ ಉಜ್ಜಿ
ಮರಳಿದೆಯೇ ಎಂದು ಊದುತ್ತಾನೆ.
ಒಬ್ಬಳು ಬಂಗಡೆ ಬಗ್ಗಿಸಿ, ಬೆರಳು ಮೂಸಿ,
ದರವನ್ನೂ ಕೇಳದೆ ನಾಲ್ಕು ಬುಟ್ಟಿ ದಾಟಿ
ಮತ್ತೆ ಇಲ್ಲಿಗೇ ಬರುತ್ತಾಳೆ.
ಯಾಕೆ ಬಂದಳು?
ಬುದವಂತಿ ಸುಮ್ಮನೆ ಗಾಳಿಯತ್ತ ಮೂಗು ಮಾಡಿದಳು.
ಬೋರ್ಡಿಲ್ಲ, ದೀಪವಿಲ್ಲ,
ಕರೆಯುವುದೆಲ್ಲ ವಾಸನೆಯ ಪಾಲಿನ ಕೆಲಸ.

ನನ್ನ ಪಾಲಿನದೋ, ಅದರ ಬಾಯಿ ಕಟ್ಟುವುದು.
ಮೂರು ಪದರದ ಪ್ಲಾಸ್ಟಿಕ್ಕು, ಬಿಸಿ ಸೀಲು.
ಕಟ್ಟಿದ ಬಾಯಿಯ ಮೇಲೆ
ಅದು ಹೇಳಬೇಕಿದ್ದುದನ್ನೇ ಬಣ್ಣದಲ್ಲಿ ಬರೆಯುವುದು.
ಹುಬ್ಬಳ್ಳಿಯ ಕಪಾಟಿನಲ್ಲಿ
ಚಿಪ್ಸಿನ ಹಳದಿ, ಬಿಸ್ಕೀಟಿನ ಕೆಂಪು, ಎಲ್ಲವೂ ಕಿರುಚುವಲ್ಲಿ
ಗಿರಾಕಿಯ ಕಣ್ಣು ಒಂದು ಪೊಟ್ಟಣದ ಮೇಲೆ ನಿಲ್ಲುವುದು
ಬಳೆ ಒಮ್ಮೆ ಸದ್ದಾಗುವಷ್ಟು ಹೊತ್ತು.
ನೀಲಿ ಅಳಿಸಿದೆ. ಸೂರ್ಯನನ್ನೂ.
ದೋಣಿಗೆ ಬಳಿಯುವ ಗೇರೆಣ್ಣೆಯ ಕಂದು ಹಾಕಿದೆ,
ನಡುವೆ ನಾಲ್ಕು ಮೂಲೆಯ ಸಾದಾ ಕಿಟಕಿ.

ಹಿಂಬದಿಗೆ ತೂಕ, ತಾರೀಕು, ಲೈಸೆನ್ಸ್ ನಂಬರು.
ಅದರ ಕೆಳಗೆ 'ಒಣಗಿಸಿದವರು' ಎಂದು ಹನ್ನೊಂದು ಹೆಸರು ಬೇಕಂತೆ.
ಜಾಗವಿಲ್ಲ ಅಂದೆ.
ಮೂಲೆಯಲ್ಲಿ ಸಣ್ಣಗೆ ಕೂತಿದ್ದ ನನ್ನ ಅಂಗಡಿಯ ಹೆಸರನ್ನು
ಉಗುರಿನಿಂದ ಮುಚ್ಚಿ ತೋರಿಸಿದಳು:
"ಇಲ್ಲುಂಟಲ್ಲ."

ನಲವತ್ತು ಪಾಕೀಟು ಹೊತ್ತು ಹುಬ್ಬಳ್ಳಿಗೆ ಹೋಗಿ ಬಂದವಳು
ವ್ಯಾಪಾರದ ಸುದ್ದಿ ಆಮೇಲೆ ಹೇಳಿದಳು, ಮೊದಲು ಬಸ್ಸಿನದು.
ಮೂವತ್ತು ವರ್ಷ ಹಿಂಬಾಗಿಲ ಹತ್ತಿರ,
ಬುಟ್ಟಿಯ ಮೇಲೆ ಗೋಣಿ,
ಗೋಣಿಯ ಮೇಲೆ ಕಂಡಕ್ಟರನ ಬೈಗುಳ.
"ಈ ಸಲ ಮೂರನೇ ಸೀಟು, ಕಿಟಕಿ ಬದಿ.
ಅರಬೈಲು ಘಟ್ಟದಲ್ಲಿ ಪಕ್ಕದವಳು
ನನ್ನ ಹೆಗಲ ಮೇಲೇ ನಿದ್ದೆ ಹೋದಳು.
ಕಾಲಬುಡದಲ್ಲಿ ಎಂತ ಉಂಟೆಂದು ಗೊತ್ತೇ ಇಲ್ಲ ಪಾಪ!"
ನಕ್ಕಳು. ಆಮೇಲೆ ನಗಲಿಲ್ಲ.
"ಗೊತ್ತಿದ್ದರೂ ಮಲಗುತ್ತಿದ್ದಳನಾ?
ನಿನ್ನ ಕಂಪ್ಯೂಟರಿಗೆ ಅದು ಸಿಗ್ತದಾ?"

ಸಿಗಲಿಲ್ಲ.
ಆ ರಾತ್ರಿ ಕಿಟಕಿಯನ್ನು ಎರಡು ಬೆರಳು ಅಗಲ ಮಾಡಿದೆ.
ಮೇಲಂಚಿಗೆ ಸಣ್ಣದೊಂದು ಕಚ್ಚು,
ಪಕ್ಕದಲ್ಲಿ: ಇಲ್ಲಿ ಹರಿಯಿರಿ.

ಹೊಸ ಪಾಕೀಟು ಕೈಗೆ ಬಂದದ್ದೇ ಬುದವಂತಿ ಅಕ್ಷರ ಕೂಡಿಸಿ ಓದಿ
ಅಲ್ಲೇ, ನನ್ನ ಮೇಜಿನೆದುರೇ, ಹರಿದಳು.
ಹರಿಯಿತು.
ಫ್ಯಾನಿನ ಗಾಳಿಗೆ ಗೋಡೆಯಿಂದ ಗೋಡೆಗೆ,
ಶಾಯಿ ಆರಲೆಂದು ಹರವಿದ್ದ
ಬೇಲೇಕೇರಿಯ ಯಾರದೋ ಇನ್ನೂರು ಮದುವೆ ಕಾಗದದ
ಗಣಪತಿಯ ಮೇಲೆ, ಸುಮುಹೂರ್ತದ ಮೇಲೆ,
'ಉಡುಗೊರೆ ಬೇಡ, ಆಶೀರ್ವಾದವಿರಲಿ' ಎಂಬುದರ ಮೇಲೆ.

ಹಾಗೇ ಕಟ್ಟಿ ಕೊಟ್ಟೆ. ಮತ್ತೇನು ಮಾಡಲಿ?
ವಾರದ ನಂತರ ಹುಡುಗನ ಅಪ್ಪನ ಫೋನು.
ಬೈಗುಳಕ್ಕೆ ತಯಾರಾಗಿ ಎತ್ತಿದೆ.
"ಅಲ್ಲ ಮಾರಾಯಾ,
ಕಾಗದ ಕೊಟ್ಟಲ್ಲೆಲ್ಲ ಒಂದೇ ಪ್ರಶ್ನೆ:
ಊಟಕ್ಕೆ ಬಂಗಡೆ ಉಂಟಾ?"