ತಕ್ಷಣ ಸೇರುವವರು

ಬೇಲೂರು ರಸ್ತೆಯಲ್ಲಿ ಟೈರ್ ಅಂಗಡಿಯ ಮೇಲೆ
ಒಂದು ಕೋಣೆ, ಎರಡು ಹೆಡ್‌ಫೋನು, ಕಿರುಗುಟ್ಟುವ ಯುಪಿಎಸ್ಸು.
ಇಲ್ಲಿ ಕೂತು ಮನುಷ್ಯರನ್ನು ಹುಡುಕಿಕೊಡುತ್ತೇನೆ
ಪುಣೆಗೆ, ಗುರುಗ್ರಾಮಕ್ಕೆ, ಒಮ್ಮೊಮ್ಮೆ ರಾಟರ್‌ಡ್ಯಾಮಿಗೆ:
ದೊಡ್ಡ ಕಂಪನಿಗಳಲ್ಲಿ ದೊಡ್ಡ ಸಾಫ್ಟ್‌ವೇರು ಕೂರಿಸುವವರು,
ಹಳೇ ಲೆಕ್ಕವನ್ನು ಹೊಸದರೊಳಗೆ ಸುರಿಯುವವರು,
ಸುರಿಯುವಾಗ ಚೆಲ್ಲಿದ್ದನ್ನು ಒರೆಸುವವರು.
ಕನ್ಸಲ್ಟೆಂಟ್ ಅಂದರೇನೇ, ಎಂದು ಅಮ್ಮ ಕೇಳಿದ್ದಳು.
ಗೋಡೌನಿನಲ್ಲಿರೋದೂ ಪುಸ್ತಕದಲ್ಲಿರೋದೂ
ಒಂದೇ ಅಂತ ಸಾಹುಕಾರರನ್ನ ನಂಬಿಸೋದು, ಅಂದೆ.
‘ಅದಕ್ಕೆ ಅಷ್ಟು ಸಂಬಳವಾ?’
ಅಂದವಳೇ ಮೊರದ ಅಕ್ಕಿಗೆ ಕೈಹಾಕಿದಳು.

ಆರಿಸುವುದು ಅವಳಿಗೆ ಗೊತ್ತು.
ಇಪ್ಪತ್ತೆರಡು ವರ್ಷ ಕ್ಯೂರಿಂಗ್ ವರ್ಕ್ಸಿನಲ್ಲಿ
ಸಾಲಾಗಿ ಕೂತ ನೂರೈವತ್ತು ಹೆಂಗಸರಲ್ಲಿ ಒಬ್ಬಳು.
ಕರಿಕಾಳು ಆಚೆ, ಒಡಕು ಈಚೆ, ಬಿಳಿಚಿದ್ದು ಬೇರೆ.
ಹುಳು ಕೊರೆದ ತೂತು
ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು.
ಸಂಜೆ ಮೇಸ್ತ್ರಿ ಪಾಯ್ಸ್ ಬಂದು
ರಾಶಿಯ ನಡುವಿಂದ ಒಂದು ಹಿಡಿ ತೆಗೆಯುವನು.
ಕರಿಕಾಳು ಸಿಕ್ಕಿತೋ, ಆ ಮೂಟೆಯ ಕೂಲಿ ಹೋಯಿತು.

ನನ್ನದು ದಿನಕ್ಕೆ ಇನ್ನೂರು ರೆಸ್ಯೂಮೆ.
ಮೂರು ವರ್ಷದ ಹಿಂದೆ ಹುಟ್ಟಿದ ಮಾಡ್ಯೂಲಿನಲ್ಲಿ
ಎಂಟು ವರ್ಷದ ಅನುಭವ: ಆಚೆ.
ವಿಡಿಯೋದಲ್ಲಿ ತುಟಿ ಇವನದು, ದನಿ ಅವನದು: ಆಚೆ.
ಒಂದೇ ಪ್ರಾಜೆಕ್ಟು, ಅದರಲ್ಲಿ ಒಂದೇ ಕಾಗುಣಿತದ ತಪ್ಪು,
ಏಳು ಹೆಸರು, ಏಳು ಊರು.
ಬೆರಳು ನನಗೂ ಬಂದಿದೆ.

ಕೊರೋನ ಕಳೆದ ವರ್ಷ
ಕೈಯಲ್ಲಿ ನಾಲ್ಕು ಆಫರ್ ಹಿಡಿದು
‘ಐದನೇದು ನೋಡ್ಕೊಂಡು ಹೇಳ್ತೀನಿ ಮೇಡಂ’ ಅಂದವರು
ಈಗ ಮೊದಲ ರಿಂಗಿಗೇ ಎತ್ತುತ್ತಾರೆ.
ನೋಟಿಸ್ ಪೀರಿಯಡ್ ಎಷ್ಟು?
‘ಇಲ್ಲ ಮೇಡಂ. ಇವತ್ತೇ ಸೇರ್ತೀನಿ.’
ಆ ‘ಇವತ್ತೇ’ಯೊಳಗೆ ಎಷ್ಟು ತಿಂಗಳು ಕೂತಿವೆ ಎಂದು
ನನಗೆ ಕೇಳಿಸುತ್ತದೆ.
ಫಾರಮ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಹೋದ ವಾರ ಬೇಡಿಕೆಯೇ ಬದಲಾಯಿತು.
ಪರದೆ ತುಂಬುವವರು ಸಾಕಂತೆ, ಅದನ್ನು ಯಂತ್ರ ಮಾಡುತ್ತದಂತೆ.
ದಾಸ್ತಾನು ಬಲ್ಲವರು ಬೇಕು.
ಹನ್ನೆರಡು ವರ್ಷ ಸರ್ವೀಸಿನ ಒಬ್ಬನನ್ನು ಕೇಳಿದೆ:
ಆಷಾಢದಲ್ಲಿ ಐವತ್ತು ಕೆಜಿಯ ಕಾಫಿ ಮೂಟೆ
ಇಟ್ಟಲ್ಲೇ ಅರ್ಧ ಕೆಜಿ ಏರಿದರೆ?
‘ಸಿಸ್ಟಮ್ ಒಪ್ಪಲ್ಲ ಮೇಡಂ.’
ಊಟದ ಡಬ್ಬಿ ತಂದ ಅಮ್ಮ ಬಾಗಿಲಲ್ಲೇ ನಿಂತು
‘ಗಾಳಿ ಕುಡಿದಿರುತ್ತೆ ಬಿಡು,
ಬಿಸಿಲು ಬಂದಾಗ ವಾಪಸ್ ಕೊಡುತ್ತೆ.’
ಆ ಕಡೆಯವನು ನಕ್ಕ. ನಾನು ನಗಲಿಲ್ಲ.
ಆ ವಾರ ಬಂದ ಸರಿಯುತ್ತರ ಅದೊಂದೇ.

ಬರುವ ತಿಂಗಳಿಂದ ನನಗಿಂತ ಮೊದಲು ಪೋರ್ಟಲ್ ಓದುತ್ತದೆ.
ಹಸಿರು ಬಿದ್ದವರಿಗೆ ನಾನು ಫೋನು ಮಾಡಬೇಕು.
ಕೆಂಪನ್ನು ತೆರೆಯುವ ಹಾಗಿಲ್ಲ, ಸಮಯ ದಂಡ, ಅಂದರು.
ಡಬ್ಬಿ ತೊಳೆಯುತ್ತಾ ಅಮ್ಮನಿಗೆ ಹೇಳಿದೆ.

‘ನಮ್ಮಲ್ಲೂ ಬಣ್ಣ ನೋಡಿ ಉಗುಳೋ ಮಿಷಿನ್ ಬಂತಲ್ಲ,
ನೂರೈವತ್ತರಲ್ಲಿ ಹನ್ನೊಂದು ಜನ ಉಳಿದ್ವಿ.
ಅದು ಉಗುಳಿದ್ದನ್ನ ನಾವು ಆರಿಸ್ತಿದ್ವಿ.
ಒಂಚೂರು ಕಲೆ ಇದ್ರೂ ಆಚೆ ಹಾಕೋದು ಅದು.
ಒಳಗೆ ಎಂಥಾ ಕಾಳಿರ್ತಿತ್ತು ಗೊತ್ತಾ!’
ಅಷ್ಟು ಹೇಳಿ, ಗೋಪುರದಂಥ ಆ ರಾಶಿಯನ್ನು
ಗಾಳಿಯಲ್ಲಿ ಕೈಯಿಂದ ತೋರಿಸಿದಳು.
ಹನ್ನೊಂದು ಜನ ಎಷ್ಟು ದಿನ ಇದ್ದಿರಿ ಎಂದು
ನಾನು ಕೇಳಲಿಲ್ಲ.

ಆರೂವರೆ. ಲಾಗೌಟ್ ಆಗಬೇಕು.
ಕೆಂಪಿನಲ್ಲಿ ಮೊದಲನೆಯದು ತೆರೆದೆ:
ಶಾಹಿದಾ ಪರ್ವೀನ್, ತರೀಕೆರೆ.
ಅಕ್ಕಿ ಗಿರಣಿಯ ಸ್ಟೋರು, ಆರು ವರ್ಷ.
ಆಮೇಲೆ ನಾಲ್ಕು ವರ್ಷ ಖಾಲಿ, ಕಾರಣ ಬರೆದಿಲ್ಲ.
ರಿಂಗಾಗುತ್ತಿದೆ.
ಕೆಳಗೆ ಕಂಪ್ರೆಸರ್ ಹೊಡೆದುಕೊಳ್ಳುತ್ತಿದೆ,
ಯಾರದೋ ಲಾರಿಯ ಟೈರಿಗೆ ಗಾಳಿ.
ಅವಳು ಹಲೋ ಅಂದಳೋ ಇಲ್ಲವೋ
ತಿಳಿಯದೆ ನಾನೇ ಎರಡು ಸಲ ಹಲೋ ಅಂದೆ.